ಟು-ಲೆಟ್ ಬೋರ್ಡು ಹಾಕುವ ಮುನ್ನ

ತುಮಕೂರಿನ ಎಸ್‌ಐಟಿ ಬಡಾವಣೆಯಿಂದ ಬಟವಾಡಿವರೆಗೆ ಒಂದು ಸುತ್ತು ಹಾಕಿ, ‘ಮನೆ ಬಾಡಿಗೆಗಿದೆ’ ಬೋರ್ಡುಗಳಿಗೆ ಬರವಿಲ್ಲ. ಎಷ್ಟೋ ಕಡೆ ಕೀ ಬ್ರೋಕರ್ ಕೈಯಲ್ಲಿ, ಮಾಲೀಕರು ಬೆಂಗಳೂರಲ್ಲಿ, ಬಾಡಿಗೆ ಫೋನಿನಲ್ಲಿ. ಅಂಥ ಮನೆಯಲ್ಲಿ ಯಾರೋ ವೇಶ್ಯಾವಾಟಿಕೆ ನಡೆಸಿದರೆ ಮಾಲೀಕರ ಪಾಡೇನು?

ಮೊದಲು, ಕಾನೂನು ಯಾರನ್ನು ಹಿಡಿಯುತ್ತದೆಂದು ತಿಳಿದುಕೊಳ್ಳಿ. ವಯಸ್ಕ ಹೆಣ್ಣು ಸ್ವಂತ ಇಚ್ಛೆಯಿಂದ ಮಾಡುವ ಲೈಂಗಿಕ ಕೆಲಸವನ್ನೇ 1956ರ ಅನೈತಿಕ ಸಾಗಣೆ ತಡೆ ಕಾಯ್ದೆ ಅಪರಾಧವೆನ್ನುವುದಿಲ್ಲ. ಅದರ ಕಣ್ಣಿರುವುದು ಹೆಚ್ಚಾಗಿ ಆ ದುಡಿಮೆಯಲ್ಲಿ ಜೇಬು ತುಂಬಿಸಿಕೊಳ್ಳುವ ಇತರರ ಮೇಲೆ. ಅಡ್ಡೆ ನಡೆಸುವವರಿಗೆ ಮೊದಲ ಸಲ 1ರಿಂದ 3 ವರ್ಷ ಕಠಿಣ ಸಜೆ. ಗೊತ್ತಿದ್ದೂ ಮನೆ ಕೊಟ್ಟ ಮಾಲೀಕ, ಏಜೆಂಟರಿಗೆ 2 ವರ್ಷದವರೆಗೆ. ಇನ್ನೊಬ್ಬರ ಈ ಗಳಿಕೆಯಲ್ಲಿ ಗೊತ್ತಿದ್ದೇ ಬದುಕುವ, 18 ದಾಟಿದ ಯಾರಿಗೇ ಆದರೂ 2 ವರ್ಷದವರೆಗೆ. ಗಳಿಕೆ ಅಪ್ರಾಪ್ತೆಯದ್ದಾದರೆ 7ರಿಂದ 10 ವರ್ಷ. ಹೆಂಗಸಿನ ಜೊತೆ ವಾಸವಿದ್ದಾನೆ, ಅವಳನ್ನು ಹತೋಟಿಯಲ್ಲಿಟ್ಟುಕೊಂಡಿದ್ದಾನೆ, ಇಲ್ಲವೇ ಗಿರಾಕಿ ತರುತ್ತಾನೆ ಎಂದು ಸಾಬೀತಾದರೆ ಸಾಕು, ‘ನಾನು ಅವಳ ದುಡ್ಡಲ್ಲಿ ಬದುಕುತ್ತಿಲ್ಲ’ ಎಂದು ತೋರಿಸುವ ಹೊಣೆ ಅವನದೇ. ತಲೆಹಿಡುಕರಿಗೆಂದು ಹೆಣೆದ ಬಲೆಯಿದು. ಅಕ್ಷರಕ್ಕೆ ಅಕ್ಷರ ಓದಿದರೆ ಮಗಳ ದುಡಿಮೆಯಲ್ಲಿ ಗಂಜಿ ಕುಡಿಯುವ ಮುದಿ ತಾಯಿಯೂ ಇದರೊಳಗೆ ಬೀಳುತ್ತಾಳೆ. ಬಲೆ ಇಷ್ಟು ಅಗಲ ಇರಬಾರದಿತ್ತು.

ಎರಡನೆಯದು ಬಾಡಿಗೆ ಕರಾರು. ಜಾತಿ ಯಾವುದು, ಮಾಂಸ ತಿನ್ನುತ್ತೀರಾ ಎಂದು ಕೇಳುವ ನಾವು ಕೆಲಸ ಎಲ್ಲಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳುವುದನ್ನು ಮರೆಯುತ್ತೇವೆ. ಗುರುತಿನ ಚೀಟಿಯ ಪ್ರತಿ ಇರಲಿ. ‘ಒಳಬಾಡಿಗೆಗೆ ಕೊಡುವಂತಿಲ್ಲ’ ಎಂಬ ಸಾಲೂ ಇರಲಿ. ಬ್ರೋಕರ್ ‘ದಿನದ ಲೆಕ್ಕದಲ್ಲಿ ಜಾಸ್ತಿ ಕೊಡ್ತಾರೆ ಸಾರ್’ ಎಂದರೆ ಆಸೆಪಡಬೇಡಿ. ಆ ಜಾಸ್ತಿ ದುಡ್ಡೇ ನಾಳೆ ನಿಮಗೆ ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿಯಾದೀತು.

ಸುಳಿವು ಸಿಕ್ಕರೆ? ನೀವೇ ಹೋಗಿ ಬಾಗಿಲು ಒದೆಯುವುದು, ಹೆಂಗಸರ ಸಾಮಾನು ಬೀದಿಗೆಸೆಯುವುದು ಬೇಡ. 112ಕ್ಕೆ ಕರೆ ಮಾಡಿ, ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಳಗೆ ಮಕ್ಕಳಿದ್ದ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098. ದಾಳಿಯಲ್ಲಿ ಸಿಕ್ಕ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸುವುದು, ಹಿಂಸಿಸುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ನಿರ್ದೇಶನ ಕೊಟ್ಟಿದೆ.

ದಾಳಿಯ ನಂತರದ ದಿನಗಳು ಮಾಲೀಕರಿಗೆ ನಾಜೂಕು. ‘ನನಗೆ ಗೊತ್ತಿರಲಿಲ್ಲ’ ಎನ್ನುವ ಮಾತು ಅಲ್ಲಿಯವರೆಗೆ ನಡೆದೀತು. ಆದರೆ ನಿಮ್ಮ ಮನೆಯಲ್ಲಿ ದಾಳಿಯಾದ ಸುದ್ದಿ ನಿಮ್ಮೂರಿಗೆ ಬರುವ ಪತ್ರಿಕೆಯಲ್ಲಿ ಅಚ್ಚಾಯಿತೋ, ಇಲ್ಲವೇ ಸಿಕ್ಕ ವಸ್ತುಗಳ ಪಟ್ಟಿಯ ಪ್ರತಿ ನಿಮ್ಮ ಕೈ ಸೇರಿತೋ, ಅಲ್ಲಿಂದ ಮುಂದೆ ನಿಮಗೆ ಗೊತ್ತಿದೆ ಎಂದೇ ಕಾನೂನು ಎಣಿಸುತ್ತದೆ. ನಾವು ಪತ್ರಿಕೆಯವರು ಹಾಕುವ ನಾಲ್ಕು ಸಾಲಿನ ಸುದ್ದಿಗೆ ಇಷ್ಟು ತೂಕ!

ಇನ್ನು ನೋಟಿಸು. ದೇವಸ್ಥಾನ, ಶಾಲೆ, ಹಾಸ್ಟೆಲು, ಆಸ್ಪತ್ರೆಯಿಂದ 200 ಮೀಟರ್ ಒಳಗಿನ ಅಡ್ಡೆಯಾದರೆ ಮ್ಯಾಜಿಸ್ಟ್ರೇಟರು ನೋಟಿಸು ಕಳಿಸಬಹುದು. ಉತ್ತರಕ್ಕೆ 7 ದಿನ. ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವಿನ ಬಗ್ಗೆ ವಿಚಾರಿಸಬಹುದು. ಮನೆ ಖಾಲಿ ಮಾಡಿಸುವ ಆದೇಶವಾದರೆ ಒಂದು ವರ್ಷ, ಒಳಗೆ ಅಪ್ರಾಪ್ತರು ಸಿಕ್ಕಿದ್ದರೆ ಮೂರು ವರ್ಷ, ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಮೇಲೆಯೇ ಟು-ಲೆಟ್ ಬೋರ್ಡು ಮತ್ತೆ ಗೇಟಿಗೆ.