ಮೋಡದೊಳಗಿನ ಹೈಡ್ರೋಜನ್ ಅಣು ಎಷ್ಟು ವರ್ಷ ಬದುಕುತ್ತೆ ಅಂತ ಲೆಕ್ಕ ಹಾಕೋದು ಹೇಗೆ

ನಕ್ಷತ್ರಗಳ ನಡುವಿನ ಮೋಡದಲ್ಲಿರೋ ಹೈಡ್ರೋಜನ್ ಅಣುನ ಅಲ್ಟ್ರಾವಯೊಲೆಟ್ ಬೆಳಕು ಎಷ್ಟು ಬೇಗ ಒಡೆಯುತ್ತೆ ಅನ್ನೋದನ್ನ ಪೆನ್ನು ಪೇಪರಲ್ಲೇ ಲೆಕ್ಕ ಹಾಕ್ಬಹುದು, ಸಾಫ್ಟ್‌ವೇರ್ ಏನೂ ಬೇಡ. ಆದ್ರೆ ಮೊದಲ ಹೆಜ್ಜೆಲೇ ತುಂಬಾ ಜನ ಎಡವ್ತಾರೆ. ಈ ಅಣುವಿನ ಬಂಧ ಮುರಿಯೋಕೆ 4.48 ಇಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದ ಶಕ್ತಿ ಅಳೆಯೋ ಮಾನ) ಸಾಕು ಅಂತ ಪುಸ್ತಕದಲ್ಲಿರುತ್ತೆ, ಅದು ನಿಜಾನೇ, ಆದ್ರೆ ಅಷ್ಟು ಶಕ್ತಿಯ ಫೋಟಾನ್, ಅಂದ್ರೆ ಬೆಳಕಿನ ಕಣ, ಬಡಿದ್ರೆ ಅಣು ಒಡೆಯಲ್ಲ. ಎರಡೂ ಪರಮಾಣು ಒಂದೇ ಥರದವು ಆಗಿರೋದ್ರಿಂದ ಬೆಳಕು ನುಂಗಿ ಕಂಪಿಸ್ತಾ ಒಡೆಯೋ ದಾರಿ ಮುಚ್ಚಿದೆ, ನೇರವಾಗಿ ಒಡೆಯೋ ಇನ್ನೊಂದು ದಾರಿಗೆ ಸ್ಪಿನ್ (ಇಲೆಕ್ಟ್ರಾನಿನ ಒಂದು ಸಹಜ ಗುಣ) ನಿಯಮ ಅಡ್ಡ. 14.7ಕ್ಕಿಂತ ಮೇಲಿನ ಫೋಟಾನ್ ಒಡೀಬಲ್ಲದು, ಆದ್ರೆ 13.6 ದಾಟಿದ್ದನ್ನೆಲ್ಲಾ ಹೊರಗಿನ ಒಂಟಿ ಹೈಡ್ರೋಜನ್ ಪರಮಾಣುಗಳೇ ನುಂಗಿಬಿಡ್ತವೆ.

ಹಾಗಾಗಿ ಲೆಕ್ಕಕ್ಕೆ ತಗೋಬೇಕಾದ್ದು 11.2ರಿಂದ 13.6 ಇಲೆಕ್ಟ್ರಾನ್ ವೋಲ್ಟ್ ಫೋಟಾನ್ ಮಾತ್ರ, ಅಂದ್ರೆ ಸುಮಾರು 91ರಿಂದ 111 ನ್ಯಾನೋಮೀಟರ್, ಈ ಅಣು ಬೆಳಕು ನುಂಗೋ ಸಪೂರ ಗೆರೆಗಳ ಗುಂಪು ಇರೋದು ಇಲ್ಲೇ, ಅವಕ್ಕೆ ಲೈಮನ್ ಮತ್ತು ವರ್ನರ್ ಬ್ಯಾಂಡ್ ಅಂತಾರೆ. (1970ರಲ್ಲಿ ವಿಜ್ಞಾನಿ ಜಾರ್ಜ್ ಕ್ಯಾರುಥರ್ಸ್ ರಾಕೆಟ್ ಮೇಲಿಟ್ಟ ಉಪಕರಣದಿಂದ ಕ್ಸೈ ಪರ್ಸೈ ನಕ್ಷತ್ರದ ಬೆಳಕಲ್ಲಿ ಈ ಅಣುನ ಮೊದಲ ಸಲ ಹಿಡಿದಿದ್ದೂ ಇದೇ ಗೆರೆಗಳಿಂದ.) ಒಂದೇ ಒಂದು ಅಣುನ ಹತ್ತಿರದಿಂದ ನೋಡಿ. ಫೋಟಾನ್ ನುಂಗುತ್ತೆ, ಇಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರುತ್ತೆ, ಅಲ್ಲಿ ಸೆಕೆಂಡಿನ ಕೋಟಿಯಲ್ಲೊಂದು ಭಾಗನೂ ನಿಲ್ಲಲ್ಲ, ವಾಪಸ್ ಬೀಳುತ್ತೆ. ಹತ್ತು ಸಲ ಬಿದ್ರೆ ಸುಮಾರು ಒಂಬತ್ತು ಸಲ ಅಣು ಜೋರಾಗಿ ನಡುಗ್ತಾ ಉಳ್ಕೊಳ್ಳುತ್ತೆ, ಆಮೇಲೆ ಆ ಶಕ್ತಿನ ಇನ್ಫ್ರಾರೆಡ್ ಆಗಿ ಬಿಡ್ತಾ ತಣ್ಣಗಾಗುತ್ತೆ. ಉಳಿದ ಒಂದು ಸಲ ಮಾತ್ರ ಎರಡು ಪರಮಾಣು ಬೇರೆಬೇರೆ ಆಗಿ ಹೋಗ್ತವೆ.

ಈಗ ಲೆಕ್ಕ. ನಮ್ಮ ಗ್ಯಾಲಕ್ಸಿಯ ಸಾಮಾನ್ಯ ನಕ್ಷತ್ರಬೆಳಕಲ್ಲಿ, ಅಡ್ಡ ಏನೂ ಇಲ್ಲದಿರೋ ಅಣುವಿನ ಸರಾಸರಿ ಆಯಸ್ಸು ಸುಮಾರು 600 ವರ್ಷ ಅಂತ ಬರ್ಕೊಳ್ಳಿ. ಹೊಸ ಅಣು ಹುಟ್ಟೋದು ಧೂಳಿನ ಕಣದ ಮೇಲೆ. ಘನ ಸೆಂಟಿಮೀಟರಿಗೆ 100 ಪರಮಾಣು ಇರೋ ಮೋಡದಲ್ಲಿ ಅದಕ್ಕೆ ಹಿಡಿಯೋದು ಸುಮಾರು 1 ಕೋಟಿ ವರ್ಷ. 600ನ 1 ಕೋಟಿಯಿಂದ ಭಾಗಿಸಿದ್ರೆ ಮೋಡದ ಅಂಚಿನಲ್ಲಿ ಲಕ್ಷ ಪರಮಾಣುಗೆ 6 ಅಣು. ಇಷ್ಟಕ್ಕೇ ನಿಲ್ಲಿಸಿದ್ರೆ ಅಣುಗಳ ಮೋಡ ಅನ್ನೋದೇ ಇರಬಾರದು ಅನ್ನೋ ಉತ್ತರ ಬರುತ್ತೆ, ಆದ್ರೆ ಮೋಡಗಳು ಕಣ್ಣೆದುರಿಗೇ ಇವೆ.

ಬಿಟ್ಟುಹೋಗಿದ್ದು ಸ್ವಯಂ ರಕ್ಷಣೆ, ನನಗಂತೂ ಇಡೀ ವಿಷಯದಲ್ಲಿ ಅತಿ ಚೆಂದ ಅನ್ಸೋ ಭಾಗ ಇದೇ. ಫೋಟಾನ್ ನುಂಗೋ ಗೆರೆಗಳು ತೀರಾ ಸಪೂರ, ಮುಂದೆ ನಿಂತ ಅಣುಗಳೇ ಆ ಗೆರೆಗಳ ಬೆಳಕನ್ನ ಖಾಲಿ ಮಾಡಿದ್ರೆ ಹಿಂದಿನವಕ್ಕೆ ಏನೂ ತಲುಪಲ್ಲ. ಬೆಳಕು ಬರೋ ದಿಕ್ಕಲ್ಲಿ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಅಣು ಅಡ್ಡ ಇವೆ ಎಣಿಸಿ, ಅದನ್ನ ಕೋಟಿ ಕೋಟಿಯಿಂದ, ಅಂದ್ರೆ 1ರ ಮುಂದೆ 14 ಸೊನ್ನೆ ಇರೋ ಸಂಖ್ಯೆಯಿಂದ ಭಾಗಿಸಿ, ಬಂದಿದ್ದನ್ನ 0.75ನೇ ಘಾತಕ್ಕೆ ಏರಿಸಿ, 600 ವರ್ಷಕ್ಕೆ ಗುಣಿಸಿ. ಖಗೋಳ ವಿಜ್ಞಾನಿಗಳಾದ ಡ್ರೇನ್ ಮತ್ತು ಬರ್ಟೋಲ್ಡಿ 1996ರಲ್ಲಿ ಕೊಟ್ಟ ಸರಳ ಸೂತ್ರ ಇದು. 1ರ ಮುಂದೆ 18 ಸೊನ್ನೆಯಷ್ಟು ಅಣು ಅಡ್ಡ ಇದ್ರೆ ಆಯಸ್ಸು 6 ಲಕ್ಷ ವರ್ಷ, 20 ಸೊನ್ನೆಗೆ ಸುಮಾರು 2 ಕೋಟಿ, ಹುಟ್ಟೋ ಸಮಯಕ್ಕಿಂತ ಜಾಸ್ತಿ. ಮೊದಲ ಕೋಟಿ ಕೋಟಿ ಅಣು ಸೇರೋಕೆ ಅಂಚಿನಿಂದ ಬೆಳಕು ಒಂದು ವಾರದಲ್ಲಿ ಹೋಗುವಷ್ಟು ಒಳಗೆ ಹೋದ್ರೆ ಸಾಕು, ಮೋಡವೋ ಎಷ್ಟೋ ಜ್ಯೋತಿರ್ವರ್ಷ ಅಗಲ ಇರುತ್ತೆ. ಧೂಳು ತಡೆಯೋ ಬೆಳಕನ್ನೂ ಸೇರಿಸ್ಕೊಳ್ಳಿ, ಆಯಸ್ಸು ಇನ್ನೂ ಏರುತ್ತೆ.

ತುಂಬಾ ಆಳಕ್ಕೆ ನಕ್ಷತ್ರಬೆಳಕು ತಲುಪದೇ ಇದ್ರೂ ಕಾಸ್ಮಿಕ್ ಕಿರಣ, ಅಂದ್ರೆ ಬಾಹ್ಯಾಕಾಶದಲ್ಲಿ ಭಾರೀ ವೇಗದಲ್ಲಿ ಹಾರೋ ಕಣಗಳು, ತಲುಪುತ್ತೆ. ಅದು ಅಣುವಿಂದ ಇಲೆಕ್ಟ್ರಾನ್ ಕೀಳುತ್ತೆ, ಆ ಇಲೆಕ್ಟ್ರಾನ್ ಪಕ್ಕದ ಅಣುಗಳಿಗೆ ಬಡಿದು ಅವು ಅಲ್ಲೇ ಅಲ್ಟ್ರಾವಯೊಲೆಟ್ ಸೂಸೋ ಹಾಗೆ ಮಾಡುತ್ತೆ, ವಿಜ್ಞಾನಿಗಳಾದ ಪ್ರಸಾದ್ ಮತ್ತು ತಾರಾಫ್ದಾರ್ 1983ರಲ್ಲಿ ತೋರಿಸಿದ್ದು ಇದನ್ನೇ. ಮೋಡದ ನಡುಭಾಗದ ಲೆಕ್ಕ ಬೇಕಿದ್ರೆ ಕೊನೆಗೆ ಇದರಿಂದ ಅಣು ಒಡೆಯೋದನ್ನೂ ಲೆಕ್ಕಕ್ಕೆ ಸೇರಿಸಿ.