ಕೈಗೆ ಬಿಡುವಿಲ್ಲದಾಗ ತಲೆಯಲ್ಲೊಂದು ಲೆಕ್ಕ

ಮಗಳು ಹುಟ್ಟುವ ಮೊದಲಿನಿಂದಲೂ ನನಗೆ ಗಣಿತ ಓದುವ ಹುಚ್ಚು. ಅವಳು ಬಂದ ಮೇಲೂ ಬಿಡಬಾರದು ಅಂತ ರಾತ್ರಿ ಹತ್ತಕ್ಕೆ ದಪ್ಪ ಪುಸ್ತಕ ಹಿಡಿದು ಕೂರುತ್ತಿದ್ದೆ. ಒಂದೇ ಪುಟವನ್ನು ನಾಲ್ಕು ಸಲ ಓದಬೇಕಾಗುತ್ತಿತ್ತು. ಅಷ್ಟರಲ್ಲಿ ಅವಳು ಎದ್ದರೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ನೋಡಿ ನನಗೇ ಹೆದರಿಕೆಯಾಯಿತು. ಪುಸ್ತಕ ಎತ್ತಿಟ್ಟೆ.

ಮಗುವನ್ನು ಮಲಗಿಸುವಾಗ ಕೈಗೆ ಬಿಡುವಿಲ್ಲ, ದೀಪ ಹಾಕುವ ಹಾಗಿಲ್ಲ. ಆದರೆ ತಲೆ ಸುಮ್ನೆ ಇರುತ್ತದೆ ಅಲ್ವಾ? ಹಾಗಾಗಿ ವಾರಕ್ಕೆ ಒಂದೇ ಪ್ರಶ್ನೆ ಅಂತ ಇಟ್ಟುಕೊಂಡೆ. ಪೆನ್ನಿಲ್ಲದೆ ಯೋಚಿಸಲು ಆಗುವಂಥದ್ದು.

ಮೊದಲು ಹಿಡಿದದ್ದು 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಒಂದು ಪತ್ರದಲ್ಲಿ ಬರೆದ ಮಾತು. ಕೆಲವು ಅವಿಭಾಜ್ಯ ಸಂಖ್ಯೆಗಳು ಎರಡು ವರ್ಗಗಳಾಗಿ ಒಡೆಯುತ್ತವೆ. 5 ಅಂದರೆ 1+4, 13 ಅಂದರೆ 4+9, 17 ಅಂದರೆ 1+16. ಆದರೆ 7, 11, 19 ಒಡೆಯುವುದಿಲ್ಲ. ಯಾಕೆ?

ಮೂರನೇ ರಾತ್ರಿ ಹೊಳೆಯಿತು. ಹೆಗಲ ಮೇಲೆ ಮಗು, ಕತ್ತಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಟ. ಸಮಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0. ಬೆಸಸಂಖ್ಯೆಯದಾದರೆ 1. ಎರಡು ವರ್ಗ ಕೂಡಿಸಿದರೆ ಶೇಷ 0, 1 ಇಲ್ಲವೇ 2. 3 ಬರಲು ದಾರಿಯೇ ಇಲ್ಲ! 7, 11, 19 ಮೂರಕ್ಕೂ ಶೇಷ 3. ಮಗಳು ನಿದ್ದೆ ಹೋಗಿ ಎಷ್ಟೋ ಹೊತ್ತಾಗಿತ್ತು, ನಾನಿನ್ನೂ ಎತ್ತಿಕೊಂಡೇ ಓಡಾಡುತ್ತಿದ್ದೆ.

ಶೇಷ 1 ಬರುವ ಅವಿಭಾಜ್ಯಗಳೆಲ್ಲ ಒಡೆಯುತ್ತವೆ ಅನ್ನುವುದು ಜಾಸ್ತಿ ಕಷ್ಟ. ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು ಸಾಧಿಸುವ ಹೊತ್ತಿಗೆ ನೂರು ವರ್ಷ ದಾಟಿತ್ತು. ಅದಕ್ಕೆ ಕಾಗದ ಬೇಕೇ ಬೇಕು. ಶನಿವಾರ ಬೆಳಿಗ್ಗೆ ಒಂದು ಗಂಟೆ ನನಗೆ, ಭಾನುವಾರ ಒಂದು ಗಂಟೆ ಹೆಂಡತಿಯ ಚಿತ್ರಕ್ಕೆ ಅಂತ ಮಾತಾಡಿಕೊಂಡೆವು. ಏಳುವ ಮೊದಲು ಮುಂದೆ ಏನು ಮಾಡಬೇಕು ಅಂತ ಒಂದು ಸಾಲು ಬರೆದಿಡುತ್ತೇನೆ. ಇದಿಲ್ಲದಿದ್ದರೆ ಮುಂದಿನ ವಾರದ ಅರ್ಧ ಗಂಟೆ ನೆನಪಿಸಿಕೊಳ್ಳುವುದಕ್ಕೇ ಹೋಗುತ್ತದೆ.

ಮಗಳಿಗೆ ಈಗ ಐದು ವರ್ಷ. ಮೊನ್ನೆ ಹಳೆ ಅಂಗಿಗಳ 13 ಗುಂಡಿ ಕೊಟ್ಟು ಎರಡು ಚೌಕ ಮಾಡು ಅಂದೆ. ಮಾಡಿದಳು. 7 ಕೊಟ್ಟೆ. ತುಂಬಾ ಹೊತ್ತು ಅತ್ತಿತ್ತ ಸರಿಸಿದಳು.

"ಅಪ್ಪಾ, ಇನ್ನೊಂದು ಕೊಡು."

ಕೊಟ್ಟೆ. ನಾಲ್ಕು ನಾಲ್ಕರ ಎರಡು ಚೌಕ ಪಕ್ಕಪಕ್ಕ ಇಟ್ಟಳು.