ಎರಿ ಮಣ್ಣಿನ ಅಂಗಳದಲ್ಲೊಂದು ಮಳೆ ತೋಟ

ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಅದರಲ್ಲೂ ಜಾಸ್ತಿ ಸುರಿಯುವುದು ಸೆಪ್ಟೆಂಬರಿನಲ್ಲಿ. ಆಗ ಮಾಳಿಗೆ ನೀರು ಪೈಪಿನಿಂದ ಇಳಿದು, ಫರ್ಸಿ ಮೇಲೆ ಹರಿದು ಗಟಾರ ಸೇರುತ್ತದೆ. ಬೇಸಿಗೆಯಲ್ಲಿ ನಾವೇ ಟ್ಯಾಂಕರಿಗೆ ಫೋನು ಮಾಡುತ್ತೇವೆ, ಅಲ್ವಾ? ಆ ನೀರನ್ನು ಮನೆಯಲ್ಲೇ ಇಂಗಿಸಲು ಮಳೆ ತೋಟ ಮಾಡಬಹುದು. ಅಂಗಳದಲ್ಲಿ ಒಂದು ತಗ್ಗು, ಅದರೊಳಗೆ ಗಿಡ, ಇಷ್ಟೇ.

ಮೊದಲು ಜಾಗ. ಮನೆಯ ಪಾಯದಿಂದ ಕನಿಷ್ಠ 10 ಅಡಿ ದೂರವಿರಲಿ. ನಮ್ಮ ಎರಿ ಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು, ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಾಯದ ಬುಡದಲ್ಲಿ ಹೀಗಾದರೆ ಗೋಡೆ ಸೀಳುತ್ತದೆ. ಸೆಪ್ಟಿಕ್ ಟ್ಯಾಂಕಿನ ಹತ್ತಿರವೂ ಬೇಡ.

ಆಮೇಲೆ ಮಣ್ಣಿನ ಪರೀಕ್ಷೆ. ಇದನ್ನು ಬಿಟ್ಟು ಯಾರೂ ಸಲಿಕೆ ಹಿಡಿಯಬಾರದು. ಒಂದಡಿ ಆಳದ ಕುಣಿ ತೋಡಿ ನೀರು ತುಂಬಿಸಿ. ಮೇ ತಿಂಗಳಲ್ಲಿ ನೀರು ಗಟಗಟ ಇಳಿದುಬಿಡುತ್ತದೆ. ನಂಬಬೇಡಿ, ಅದು ಬಿರುಕುಗಳು ಕುಡಿದ ನೀರು. ಮಣ್ಣು ನೆನೆದು ಬಿರುಕು ಮುಚ್ಚಿಕೊಂಡ ಮೇಲೆ, ಮರುದಿನ ಮತ್ತೆ ತುಂಬಿಸಿ. ಲೆಕ್ಕಕ್ಕೆ ಬರುವುದು ಈ ಎರಡನೇ ಸಲದ್ದು. 24 ಗಂಟೆಯಲ್ಲಿ ಖಾಲಿಯಾದರೆ ಅಗೆಯಲು ಶುರು ಮಾಡಿ.

ಎರಡು ದಿನವಾದರೂ ನಿಂತೇ ಇದ್ದರೆ? ಎರಿ ತಳದ ಮೇಲೆ ಸುಮ್ನೆ ಮರಳು ಸುರಿದರೆ ಉಪಯೋಗವಿಲ್ಲ, ನೀರು ಆ ಮರಳಿನೊಳಗೇ ನಿಲ್ಲುತ್ತದೆ. ನಮ್ಮ ಕಡೆ ಬಹಳಷ್ಟು ಜಾಗದಲ್ಲಿ ಎರಿಯ ಕೆಳಗೆ ಗರಸು, ಅಂದರೆ ನೀರು ಇಳಿಯುವ ಕಲ್ಲುಮಿಶ್ರಿತ ಮಣ್ಣು ಇರುತ್ತದೆ. ಹಾರೆ ಹಾಕಿ ತಗ್ಗಿನ ತಳದಲ್ಲಿ ಎರಡು ಮೂರು ಕಡೆ ಗರಸು ಸಿಗುವವರೆಗೆ ತೂತು ಮಾಡಿ ಖಡಿ (ಜಲ್ಲಿ ಕಲ್ಲು) ತುಂಬಿಸಿ. ಮೇಲೆ ಎರಡು ಪಾಲು ಮರಳು, ಒಂದು ಪಾಲು ಮಣ್ಣು, ಒಂದು ಪಾಲು ಕಳಿತ ತಿಪ್ಪೆಗೊಬ್ಬರ ಕಲಸಿ ಒಂದಡಿ ಹಾಸಿ. ಗರಸು ತೀರಾ ಆಳದಲ್ಲಿದ್ದರೆ ಈ ಜಾಗ ಬಿಡುವುದೇ ಒಳ್ಳೆಯದು. ಅಲ್ಲಿ ಡ್ರಮ್ಮು ಇಟ್ಟು ನೀರು ಹಿಡಿಯಿರಿ.

ಅಳತೆ ಕಷ್ಟವಲ್ಲ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 600 ಚದರ ಅಡಿ ಮಾಳಿಗೆ ಎಂದರೆ ಸುಮಾರು 56 ಚದರ ಮೀಟರ್. 25 ಮಿ.ಮೀ. ಮಳೆಗೆ 1,400 ಲೀಟರ್. 10 ಅಡಿ ಉದ್ದ, 7 ಅಡಿ ಅಗಲ, 8 ಇಂಚು ಆಳದ ತಗ್ಗಿನಲ್ಲಿ 1,300 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ಆಳ ಬೇಡ. ಹೊಸ ಮಣ್ಣು ಹಾಸುವವರು ಮೊದಲೇ ಒಂದಡಿ ಜಾಸ್ತಿ ತೆಗೆಯಿರಿ, ಹಾಸಿದ ಮೇಲೂ 8 ಇಂಚು ತಗ್ಗು ಉಳಿಯಬೇಕು. ತೆಗೆದ ಮಣ್ಣಿನಿಂದ ಇಳಿಜಾರಿನ ಕಡೆ ಒಡ್ಡು ಹಾಕಿ. ಹೊಲದಲ್ಲಿ ಮಾಡುವಂತೆ ಒಡ್ಡಿನಲ್ಲಿ ಒಂದು ಕಡೆ ಕಲ್ಲು ಜೋಡಿಸಿ ಕೋಡಿ ಬಿಡಿ. ದೊಡ್ಡ ಮಳೆ ಬಂದಾಗ ಹೆಚ್ಚಿನ ನೀರು ಮನೆಯ ಕಡೆಗಲ್ಲ, ರಸ್ತೆಯ ಕಡೆ ಹೋಗಬೇಕು. ಪೈಪಿನ ನೀರು ಬೀಳುವಲ್ಲೂ ನಾಲ್ಕು ಕಲ್ಲು ಇಡಿ.

ಗಿಡ ಎಂಥವು? ಎರಡು ದಿನ ನೀರಲ್ಲಿ ನಿಲ್ಲಬೇಕು, ಏಪ್ರಿಲ್ ಬಿಸಿಲನ್ನೂ ತಡೆಯಬೇಕು. ನನ್ನ ಮೊದಲ ಆಯ್ಕೆ ಲಾವಂಚ. ಅದರ ಬೇರು 10 ಅಡಿವರೆಗೂ ಇಳಿಯಬಲ್ಲದು, ನೀರಿಗೆ ಅದೇ ದಾರಿ. ತಳದಲ್ಲಿ ಲಾವಂಚ, ಕಾಬಾಳೆ. ಅಂಚಿಗೆ ಮಜ್ಜಿಗೆ ಹುಲ್ಲು, ದಾಸವಾಳ. ಒಡ್ಡಿನ ಮೇಲೆ ಆಡುಸೋಗೆ, ಲಕ್ಕಿ. ತುಳಸಿ ತಗ್ಗಿನಲ್ಲಿ ಬೇಡ, ಬೇರು ಕೊಳೆಯುತ್ತದೆ. ಮೊದಲ ಬೇಸಿಗೆ ಮಾತ್ರ ವಾರಕ್ಕೆರಡು ಸಲ ನೀರು ಕೊಡಿ.

ಸೊಳ್ಳೆಯ ಭಯ ಎಲ್ಲರಿಗೂ ಇರುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರದಷ್ಟು ಹೊತ್ತು ಬೇಕು. ನಿಮ್ಮ ತಗ್ಗು ಎರಡು ದಿನದಲ್ಲಿ ಒಣಗಿದರೆ ಚಿಂತೆಯಿಲ್ಲ.

30×40 ಸೈಟಿನಲ್ಲಿ 10 ಅಡಿ ಬಿಡಲು ಹಲವರಿಗೆ ಜಾಗವೇ ಇಲ್ಲ. ಅಂಥವರು ಪಕ್ಕದ ಮನೆಯವರ ಜೊತೆ ಮಾತಾಡಿ, ಎರಡು ಮಾಳಿಗೆಗೆ ಒಂದೇ ತೋಟ ಮಾಡಬಹುದು. ಓಣಿಯ ಶಾಲೆ, ಗುಡಿಯ ಅಂಗಳವೂ ಆಗುತ್ತದೆ. ಕುಣಿಗೆ ನೀರು ತುಂಬಿಸುವ ದಿನವೇ ಓಣಿಯವರನ್ನು ಕರೆಯಿರಿ, ಮಕ್ಕಳ ಕೈಗೆ ಅಳತೆ ಪಟ್ಟಿ ಕೊಡಿ. ಮುಂದಿನ ವರ್ಷ ಲಾವಂಚದ ಬುಡ ಒಡೆದು ಸಸಿ ಹಂಚಿ. ಸಸಿಯ ಜೊತೆ ನಿಮ್ಮಲ್ಲಿ ಎಷ್ಟು ಅಡಿಗೆ ಗರಸು ಸಿಕ್ಕಿತು, ನೀರು ಎಷ್ಟು ಗಂಟೆಗೆ ಇಂಗಿತು ಎಂಬುದನ್ನೂ ಹೇಳಿ. ಅವರಲ್ಲಿ ಎರಿಯ ಆಳ ಬೇರೆಯೇ ಇರಬಹುದು, ಆದ್ದರಿಂದ ಅವರೂ ಮೊದಲು ಒಂದಡಿ ಕುಣಿ ತೋಡಿ, ಎರಡು ಸಲ ನೀರು ತುಂಬಿಸಿ ನೋಡಲಿ.